ಹುಲಿಗಿಗೆ ಹೋಗ್ಯಾಳ

ನಮ್ಮ ಅತ್ತೆ ಹನುಮಂತಮ್ಮನಿಗೆ ಜೀವಮಾನದಲ್ಲಿ ಒಂದು ದಿನವೂ ಕಾಯಿಲೆ ಬಂದಿಲ್ಲ. ಇದು ನನ್ನ ಮಾತಲ್ಲ, ಅವರದೇ. ನಮ್ಮೂರು ಯಲಬುರ್ಗಾ ತಾಲೂಕಿನ ಒಂದು ಮೂಲೆಯಲ್ಲಿದೆ. ಬಸ್ಸು ಮನಸ್ಸು ಬಂದರೆ ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ. ಆದರೆ ಯಾರ ಮನೆಯಲ್ಲಿ ಯಾರಿಗೆ ಏನಾಯಿತು ಎಂಬ ಸುದ್ದಿ ಮಾತ್ರ ನಮ್ಮ ಓಣಿಯಲ್ಲಿ ಎಲ್ಲೂ ನಿಲ್ಲದೆ ಓಡುತ್ತದೆ. ಓಡಿಸುವವರು ನಮ್ಮ ಅತ್ತೆ. ಬೆಳಗಾದರೆ ಎಮ್ಮೆ ಚಂದ್ರಿಯ ಮೈ ತಿಕ್ಕಿ, ಹಣೆಯ ಬಿಳಿ ಚುಕ್ಕೆಗೆ ಮುತ್ತು ಕೊಟ್ಟು, ಚಹಾ ಕುಡಿದು ಮನೆ ಮುಂದಿನ ಕಟ್ಟೆಯ ಮೇಲೆ ಕೂತರೆಂದರೆ ಆಯಿತು, ಆ ದಿನದ ವರದಿ ಶುರು.

"ಈಗಿನ ಮಂದಿಗೆ ಸೀನು ಬಂದ್ರೂ ದವಾಖಾನಿ ಬೇಕು. ನನ್ನ ನೋಡ್ರಿ, ಸೂಜಿ ಅಂದ್ರ ಕೌದಿ ಹೊಲಿಯೋ ಸೂಜಿ ಅಷ್ಟ ಗೊತ್ತು ನನಗ."

ಇದನ್ನು ಮುಖ್ಯವಾಗಿ ಎದುರುಮನೆ ಬಸವಣ್ಣೆಮ್ಮನಿಗೆ ಕೇಳುವಂತೆ ಹೇಳುತ್ತಿದ್ದರು. ಬಸವಣ್ಣೆಮ್ಮ ಅತ್ತೆಯ ಓರಗೆಯವರು. ಎರಡು ವರ್ಷದ ಹಿಂದೆ ಅವರಿಗೆ ಗರ್ಭಚೀಲ ತೆಗೆಸುವ ಆಪರೇಷನ್ ಆಗಿತ್ತು. ಅತ್ತೆ ನೋಡಲು ಹೋದರು, ಬನ್ನು-ಬಾಳೆಹಣ್ಣು ಕೊಟ್ಟರು, ಕಣ್ಣೊರೆಸಿಕೊಂಡರು, ಹೊರಗೆ ಬಂದು ಕಟ್ಟೆಗೆ ಕೂತು ಇಡೀ ಓಣಿಗೆ ಹೇಳಿದರು: "ಹೊಟ್ಟಿ ಕೊಯ್ಸಿಕೊಂಡಾಕಿ ಇನ್ನೇನು ಕೊಡಪಾನ ಎತ್ತತಾಳ! ಮುಗೀತು ಆಕಿದು." ಆಮೇಲೆ ಬಸವಣ್ಣೆಮ್ಮ ತಿಂಗಳುಗಟ್ಟಲೆ ತಮ್ಮ ಮನೆ ಕಟ್ಟೆಗೆ ಬರಲಿಲ್ಲ. ನನಗೆ ಕೆಟ್ಟ ಸಿಟ್ಟು ಬಂದಿತ್ತು. "ಅತ್ತಿ, ಹಂಗ ಅನಬಾರದಿತ್ತು" ಎಂದೆ. "ಇದ್ದದ್ದ ಅಂದೀನಿ" ಎಂದರು. ಅವರ ಜೊತೆ ವಾದ ಮಾಡುವುದಕ್ಕಿಂತ ಚಂದ್ರಿಯ ಜೊತೆ ಮಾಡುವುದು ವಾಸಿ. ಚಂದ್ರಿಯೂ ಹಾಗೇ, ಅತ್ತೆಯ ಕೈ ಬಿಟ್ಟರೆ ಬೇರೆ ಕೈಗೆ ಒಂದು ತೊಟ್ಟು ಹಾಲು ಕೊಡುವುದಿಲ್ಲ. ಮದುವೆಯಾದ ಹೊಸತರಲ್ಲಿ ನಾನೊಮ್ಮೆ ಹಿಂಡಲು ಹೋಗಿ ಬಕೆಟ್ಟಿನ ಸಮೇತ ಗೋಡೆಗೆ ಬಿದ್ದಿದ್ದೆ.

ಅಂಥ ಅತ್ತೆ ಈ ವರ್ಷ ಒಂದು ಮಧ್ಯಾಹ್ನ, ರೊಟ್ಟಿ ಬಡಿಯುತ್ತಾ ಬಡಿಯುತ್ತಾ, ಹಂಚಿನ ಮುಂದೆಯೇ ಹೊಟ್ಟೆ ಹಿಡಿದುಕೊಂಡು ಮುದುಡಿ ಬಿದ್ದರು. ನಮ್ಮವರು, ವಿರುಪಾಕ್ಷಿ, ಹೊಲದಿಂದ ಓಡಿ ಬಂದು ಟಂಟಂ ಗಾಡಿ ಕರೆಸಿದರು. ಅಂಥ ನೋವಿನಲ್ಲೂ ಅತ್ತೆ ಏನು ಮಾಡಿದರು ಗೊತ್ತೇ? ಎದ್ದು ಇಳಕಲ್ ಸೀರೆ ಉಟ್ಟರು. ಹಣೆ ತುಂಬ ಕುಂಕುಮ ಇಟ್ಟರು.

"ಯಾರರ ಕೇಳಿದ್ರ ಹುಲಿಗಿಗೆ ಹೊಂಟೀವಿ ಅನ್ರಿ. ಹುಲಿಗೆಮ್ಮಂದು ಹರಕಿ ಐತಿ ಅನ್ರಿ. ದವಾಖಾನಿ ಅಂತ ಬಾಯಿ ಬಿಟ್ರ ನೋಡ್ರಿ ಮತ್ತ!"

ಗಾಡಿ ಹೊರಟಾಗ ಬಸವಣ್ಣೆಮ್ಮ ಬಾಗಿಲಲ್ಲಿದ್ದರು. ಅತ್ತೆ ಹಲ್ಲು ಕಚ್ಚಿಕೊಂಡೇ ನಕ್ಕು ಕೈ ಬೀಸಿದರು. ಓಣಿ ದಾಟಿದ ಮೇಲೆ "ಯಪ್ಪಾ ಸತ್ತೆ" ಎಂದು ನನ್ನ ತೊಡೆಯ ಮೇಲೆ ಒರಗಿದರು.

ಕೊಪ್ಪಳದ ಒಂದು ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಪಿತ್ತಕೋಶದಲ್ಲಿ ಕಲ್ಲುಗಳಾಗಿವೆ, ಕೀವು ತುಂಬಿದೆ, ನಾಳೆಯೇ ತೆಗೆಯಬೇಕು ಎಂದರು. ನಾನು ಹೆದರಲಿಲ್ಲ. ನಮಗೆ ಸರ್ಕಾರದ ಆರೋಗ್ಯ ವಿಮೆ ಇದೆ; ವರ್ಷಾ ವರ್ಷ ಸೊಸೈಟಿಯಲ್ಲಿ ಕಂತು ಕಟ್ಟುತ್ತೇವೆ. ದಾಖಲಾಗುವಾಗ ಕಾರ್ಡು ತೋರಿಸಿದರೆ ಕೈಯಿಂದ ಏನೂ ಕೊಡಬೇಕಿಲ್ಲ. ಕಾರ್ಡು ಎಲ್ಲಿತ್ತು? ಊರಲ್ಲಿ, ಅತ್ತೆಯ ಟ್ರಂಕಿನಲ್ಲಿ. ಕೀಲಿಕೈ ಎಲ್ಲಿತ್ತು? ಅತ್ತೆಯ ಸೊಂಟದಲ್ಲಿ.

"ಕೀಲಿ ಕೊಡಬೇ, ಹೋಗಿ ತರತೀನಿ" ಎಂದರು ನಮ್ಮವರು.

"ಹುಲಿಗಿಗೆ ಹೋದವರಿಗೆ ವಿಮಾ ಕಾರ್ಡ್ ಯಾಕ ಬೇಕಾತು ಅಂತ ಬಸವಣ್ಣೆಮ್ಮ ಕೇಳಂಗಿಲ್ಲೇನು? ಕೊಡಂಗಿಲ್ಲ ಹೋಗು."

ಸ್ಟ್ರೆಚರಿನ ಮೇಲೆ ಮಲಗಿ, ಮುಖ ಬಿಳಚಿಕೊಂಡು, ಸೊಂಟದ ಕೀಲಿಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಕೌಂಟರಿನವನು ಕೊನೆಗೆ, "ಈಗ ರೊಕ್ಕ ಕಟ್ರಿ. ಆಮ್ಯಾಲ ಬಿಲ್ ಹಚ್ಚಿ ಕ್ಲೇಮ್ ಮಾಡ್ರಿ, ವಾಪಸ್ ಬರತೈತಿ" ಎಂದ. ಕೇಳಲು ಎಷ್ಟು ಸುಲಭ!

ಕಟ್ಟಲು ನಮ್ಮಲ್ಲಿ ಇದ್ದದ್ದು ಒಂದೇ ಆಸ್ತಿ, ಚಂದ್ರಿ. ಅತ್ತೆಯನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದ ಹೊತ್ತಿನಲ್ಲಿ ನಮ್ಮವರು ಕುಷ್ಟಗಿಯ ಅಬ್ದುಲರೌಫ ಅವರಿಗೆ ಫೋನು ಮಾಡಿದರು. ರೌಫಭಾಯಿ ದನದ ವ್ಯಾಪಾರದವರು. ಚಂದ್ರಿಯ ಮೇಲೆ ಮೊದಲಿನಿಂದ ಕಣ್ಣು. ಚಂದ್ರಿ ಆಗ ಗಬ್ಬವಾಗಿತ್ತು. ಚಂದ್ರಿಯನ್ನು ಒತ್ತೆ ಇಟ್ಟುಕೊಂಡು ಹಣ ಕೊಡಲು ಒಪ್ಪಿದ ರೌಫಭಾಯಿ ಕರಾರು ಸ್ಪಷ್ಟ ಮಾಡಿದರು: "ಎಮ್ಮಿ ಈಯೋದ್ರೊಳಗ ರೊಕ್ಕ ತಂದ್ರ ಎಮ್ಮಿ ನಿಮ್ದು. ಈದಮ್ಯಾಲ ಕರ ಸಮೇತ ನಂದು. ಆಮ್ಯಾಲ ತಕರಾರು ಇರಬಾರದು." ನಮ್ಮವರು ಒಪ್ಪಿದರು. ಎರಡು ಜೀವದಲ್ಲಿ ಒಂದನ್ನು ಉಳಿಸಿಕೊಳ್ಳಬೇಕಿತ್ತು, ಇನ್ನೇನು ಮಾಡುತ್ತಾರೆ?

ಅತ್ತೆಗೆ ಇದನ್ನು ಹೇಳುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ. ನನ್ನ ತವರು ಗಂಗಾವತಿ ಕಡೆ, ಶ್ರೀರಾಮನಗರದ ಹತ್ತಿರ. ಕಾಲುವೆ ನೀರು, ಹಸಿ ಹುಲ್ಲು. ಚಂದ್ರಿ ಅಲ್ಲಿ ಮೇಯಲು ಹೋಗಿದೆ ಎಂದು ಹೇಳಿದೆವು. ಹೀಗೆ ಅತ್ತೆ ಊರಿಗೆ ಸುಳ್ಳು ಹೇಳಿದರು, ನಾವು ಅತ್ತೆಗೆ ಹೇಳಿದೆವು.

ಡಿಸ್ಚಾರ್ಜ್ ಆದ ದಿನ ಅತ್ತೆ ಊರ ಕಡೆ ಹೊರಡಲು ಒಪ್ಪಲಿಲ್ಲ. "ನಾ ಸುಳ್ಳು ಹೇಳೋ ಪೈಕಿ ಅಲ್ಲ" ಎಂದು ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡೇ ಉಲ್ಟಾ ದಿಕ್ಕಿನ ಹುಲಿಗಿಗೆ ಗಾಡಿ ಹೊಡೆಸಿದರು. ಅಮ್ಮನಿಗೆ ಕೈ ಮುಗಿದು, ಕುಂಕುಮ, ಹಸಿರು ಬಳೆ ಕೊಂಡು, "ಈಗ ಖರೇ ಆತು ನೋಡು" ಎಂದರು. ಊರಿಗೆ ಬಂದು ಮನೆ ಮನೆಗೆ ಕುಂಕುಮ ಕಳಿಸಿದರು.

ಎಲ್ಲ ಸರಿಯಾಗಿತ್ತು, ಒಂದು ಬಾಟಲಿ ಬಿಟ್ಟು. ಡಾಕ್ಟರು ಅತ್ತೆಯ ಹೊಟ್ಟೆಯಿಂದ ತೆಗೆದ ಕಲ್ಲುಗಳನ್ನು ಒಂದು ಪುಟ್ಟ ಗಾಜಿನ ಬಾಟಲಿಯಲ್ಲಿ ಹಾಕಿ ನಮಗೇ ಕೊಟ್ಟಿದ್ದರು. ಮೂಲೆಮನೆಯ ಹಂಪವ್ವ, ಊರಿನ ಎಲ್ಲ ಚೀಲಗಳಲ್ಲಿ ಕೈ ಹಾಕುವ ಮುದುಕಿ, ನಮ್ಮ ಚೀಲದಲ್ಲೂ ಕೈ ಹಾಕಿ ಅದನ್ನು ಹೊರಗೆ ತೆಗೆದಳು.

"ಇವೇನಬೇ ಹನುಮಂತಿ?"

ಅತ್ತೆ ಕಣ್ಣು ಮಿಟುಕಿಸಲಿಲ್ಲ. "ಹುಲಿಗಿ ಹೊಳ್ಯಾಗಿನ ಕಲ್ಲು. ಅಮ್ಮನ ಪಾದದ ತೆಳಗ ಹರಿಯೋ ನೀರಾಗಿಂದು."

ಪಕ್ಕದಲ್ಲೇ ಇದ್ದ ಬಸವಣ್ಣೆಮ್ಮ ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಒಯ್ದು ನಮ್ಮ ದೇವರ ಜಗಲಿಯ ಮೇಲೆ ಇಟ್ಟರು. ಅಂದಿನಿಂದ ದಿನಾ ಬೆಳಿಗ್ಗೆ ಬಂದು ಅದಕ್ಕೆ ಕುಂಕುಮ ಹಚ್ಚಿ, ಒಂದು ಹೂವು ಇಟ್ಟು ಹೋಗತೊಡಗಿದರು. ನಾನು ನಗು ತಡೆಯಲಾಗದೆ ಹಿತ್ತಲಿಗೆ ಓಡುತ್ತಿದ್ದೆ. ಅತ್ತೆ ಮಾತ್ರ ಬಹಳ ಗಂಭೀರವಾಗಿ ತಾವೂ ಕೈ ಮುಗಿಯುತ್ತಿದ್ದರು.

ನಾನು ಕ್ಲೇಮಿನ ಹಿಂದೆ ಬಿದ್ದೆ. ಪಿಯುಸಿ ಓದಿದವಳು ಮನೆಯಲ್ಲಿ ನಾನೊಬ್ಬಳೇ, ಹಾಗಾಗಿ ಸರ್ಕಾರದ ಜೊತೆ ಜಗಳವಾಡುವುದು ನನ್ನ ಪಾಲಿನ ಕೆಲಸ. ಬಿಲ್ಲು, ಡಿಸ್ಚಾರ್ಜ್ ಕಾಗದ, ಆಸ್ಪತ್ರೆ ಹಾಸಿಗೆಯ ಮೇಲಿನ ಅತ್ತೆಯ ಫೋಟೋ, ಆಧಾರ್, ಎಲ್ಲ ಕೊಟ್ಟೆ. ಕಾರ್ಡು ತೋರಿಸದೆ ಆದ ಚಿಕಿತ್ಸೆಯಾದ್ದರಿಂದ ಕೊಪ್ಪಳದ ಆಫೀಸಿನಿಂದ ಒಬ್ಬರು ಮನೆಗೇ ಬಂದು ರೋಗಿಯನ್ನೂ ನೆರೆಯ ಮೂವರನ್ನೂ ವಿಚಾರಿಸುತ್ತಾರೆ ಎಂದರು. ಮಾಡದ ಆಪರೇಷನ್ನಿಗೆ ಬಿಲ್ಲು ತರುವವರೂ ಇರುತ್ತಾರಂತೆ. ವಿಚಾರಿಸಲಿ, ನಮಗೇನು ಭಯ ಎಂದುಕೊಂಡೆ. ನನ್ನಷ್ಟು ದಡ್ಡಿ ಯಾರೂ ಇರಲಿಕ್ಕಿಲ್ಲ.

ಆತ ಬಂದ ದಿನ ನಾನು ಬ್ಯಾಂಕಿನ ಕೆಲಸಕ್ಕೆಂದು ಯಲಬುರ್ಗಾಕ್ಕೆ ಹೋಗಿದ್ದೆ, ನಮ್ಮವರು ಹೊಲದಲ್ಲಿದ್ದರು. ತಿರುಗಿ ಬಂದಾಗ ಓಣಿಯಲ್ಲಿ ಹಬ್ಬದ ಕಳೆ. ಹಂಪವ್ವ ನನ್ನ ಕೈ ಹಿಡಿದು, "ಶೈಲಾ, ಸರ್ಕಾರದಾಂವ ಬಂದಿದ್ದ. ನಿಮ್ಮತ್ತಿ ಮ್ಯಾಲ ಯಾರೋ ಸುಳ್ಳ ಬರದು ಕೊಟ್ಟಾರ, ಆಪರೇಷನ್ ಆಗೈತಿ ಅಂತ! ನಾವ ಬಿಡತೀವೇನು? ಮಾತಿನಾಗ ಹಣಿದು ಕಳಿಸೀವಿ" ಎಂದಳು.

ಆಮೇಲೆ ಒಬ್ಬೊಬ್ಬರಾಗಿ, ಬಹಳ ಹೆಮ್ಮೆಯಿಂದ, ನಡೆದದ್ದನ್ನು ಹೇಳಿದರು.

ಬಂದವನ ಹೆಸರು ಶಾಂತಕುಮಾರ. ಕೈಯಲ್ಲಿ ಟ್ಯಾಬು, ತಲೆಗೆ ಹೆಲ್ಮೆಟ್ಟು. "ಹನುಮಂತಮ್ಮ ಅಂದ್ರ ನೀವ ಏನ್ರಿ? ಈಗ ಆರಾಮ ಅದೀರಿ?" ಎಂದು ಕೇಳಿದನಂತೆ.

"ನನಗೇನಾಗೈತಿ? ಗುಂಡಕಲ್ಲ ಇದ್ದಂಗ ಅದೀನಿ."

"ಆಪರೇಷನ್ ಆಗಿತ್ತಲ್ರಿ ನಿಮಗ?"

"ಯಾರಿಗೆ? ನನಗ? ನಾಲಿಗಿ ಬಿಗಿ ಹಿಡದು ಮಾತಾಡ್ರಿ ಸಾಹೇಬ್ರ!"

ಓಣಿ ಕೂಡಿತು. ಹಂಪವ್ವ ತನ್ನ ಹಣೆ ತೋರಿಸಿ, "ಆಕಿ ಹುಲಿಗಿಗೆ ಹೋಗಿದ್ಲು, ಇದ ನೋಡ್ರಿ ಅಮ್ಮನ ಕುಂಕುಮ" ಎಂದಳು. ಹಿಟ್ಟಿನ ಗಿರಣಿಯ ಹಾಲೇಶ, "ಮೊನ್ನೆರ ಜ್ವಾಳದ ಬುಟ್ಟಿ ತಲಿ ಮ್ಯಾಲ ಹೊತ್ತು ಬಂದಾಳ್ರಿ, ಆಪರೇಷನ್ ಆದಾಕಿ ಹೊರತಾಳೇನು?" ಎಂದ. ಆ ಬುಟ್ಟಿ ಹೊತ್ತವಳು ನಾನು! ಬಸವಣ್ಣೆಮ್ಮ ಎಲ್ಲರಿಗಿಂತ ಒಂದು ಕೈ ಮೇಲೆ. ಒಳಗೆ ಹೋಗಿ ಜಗಲಿಯ ಮೇಲಿನ ಬಾಟಲಿಯನ್ನೇ ತಂದು ತೋರಿಸಿ, "ಹುಲಿಗಿ ಹೊಳಿ ಕಲ್ಲು. ಸಾಕ್ಷಿ ಬೇಕಂದ್ರ ತಗೋರಿ" ಎಂದರು. ಶಾಂತಕುಮಾರ ಬೂಟು ಬಿಚ್ಚಿ, ಅತ್ತೆಯ ಪಿತ್ತಕೋಶದ ಕಲ್ಲುಗಳಿಗೆ ಕೈ ಮುಗಿದು, ಬಾಟಲಿಯನ್ನು ಹಣೆಗೆ ಒತ್ತಿಕೊಂಡನಂತೆ. ಆಮೇಲೆ ಅವನಿಗೆ ಮಂಡಕ್ಕಿ, ಮಿರ್ಚಿ, ಚಹಾ ಕೊಟ್ಟು ಓಣಿಯ ತುದಿಯವರೆಗೆ ಕಳಿಸಿ ಬಂದರಂತೆ.

ಸಂಜೆಯೊಳಗೆ ಮೊಬೈಲಿಗೆ ಮೆಸೇಜು ಬಂತು. ರೋಗಿಯ ಮತ್ತು ನೆರೆಹೊರೆಯವರ ಹೇಳಿಕೆಯಂತೆ ಶಸ್ತ್ರಚಿಕಿತ್ಸೆ ನಡೆದಿಲ್ಲ, ಕ್ಲೇಮು ತಿರಸ್ಕೃತ.

ಮಾರನೆಯ ದಿನ ಮೊದಲ ಬಸ್ಸಿಗೆ ಕೊಪ್ಪಳಕ್ಕೆ ಹೋದೆ. ಶಾಂತಕುಮಾರ ಒಳ್ಳೆಯ ಹುಡುಗನೇ, ಆದರೆ ನನಗೆ ಅವತ್ತು ಒಳ್ಳೆಯವರು ಕೆಟ್ಟವರು ಕಾಣುವ ಹೊತ್ತಲ್ಲ.

"ಮೇಡಂ, ಮಿರ್ಚಿ ಭಾಳ ಛಲೋ ಇದ್ದವು. ಆದ್ರ ಆಪರೇಷನ್ ಆಗಿಲ್ಲ."

"ಆಗಿಲ್ಲ ಅಂದ್ರ? ಈ ಕಾಗದ ಏನು? ಈ ಫೋಟೋ ಏನು? ನನ್ನ ತಲಿ ಏನು?"

"ಕಾಗದ ಯಾರರ ಮಾಡಸ್ತಾರ್ರಿ. ಪೇಷಂಟ್ ತಾನ ಇಲ್ಲ ಅಂದಮ್ಯಾಲ, ಇಡೀ ಓಣಿ ಇಲ್ಲ ಅಂದಮ್ಯಾಲ, ನಾ ಹೌದು ಅಂತ ಹೆಂಗ ಬರೀಲಿ? ನನ್ನ ನೌಕರಿ ಹೊಕ್ಕೈತಿ."

ನಾನು ಕೂಗಾಡಿದೆ. ಆಮೇಲೆ ಅತ್ತೆ ಕೀಲಿಕೈ ಹಿಡಿದುಕೊಂಡದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಹೇಳುತ್ತಾ ಹೇಳುತ್ತಾ ಅಳು ಬಂತು. ಅವನು ಒಂದು ಗ್ಲಾಸು ನೀರು ಕೊಟ್ಟು, ಸೋಮವಾರ ಇನ್ನೊಮ್ಮೆ ಬರುತ್ತೇನೆ ಎಂದ. ಅತ್ತೆ ತಮ್ಮ ಬಾಯಿಂದ, ಅದೇ ಮೂವರ ಮುಂದೆ, ಆಪರೇಷನ್ ಆಗಿದೆ ಎನ್ನಬೇಕು. ಆ ಮೂವರೂ ಹೌದೆನ್ನಬೇಕು. ಇದೇ ಕೊನೆ.

"ಅದೇ ಮೂವರ ಮುಂದ?" ಎಂದು ಅತ್ತೆ ಕೇಳಿದರು. "ಬಸವಣ್ಣೆಮ್ಮನ ಮುಂದ? ಜೀವ ಹೋದ್ರೂ ಅನ್ನಂಗಿಲ್ಲ. ರೊಕ್ಕ ಹ್ವಾದ್ರ ಹೋಗಲಿ, ಚಂದ್ರಿ ಈದಮ್ಯಾಲ ಹಾಲು ಮಾರಿ ಗಳಸೋಣು."

ನಮ್ಮವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಷ್ಟರಲ್ಲಿ ಫೋನು ಬಂತು. ರೌಫಭಾಯಿ.

"ತಂಗೀ, ಎಮ್ಮಿ ಕೆಚ್ಚಲ ಬಿಟ್ಟೈತಿ. ಇಂದೋ ನಾಳೆಯೋ ಈಯತೈತಿ. ಏನ್ ಮಾಡ್ತೀರಿ ನೋಡ್ರಿ."

ಫೋನು ಇಟ್ಟೆ. ಅತ್ತೆ ಇನ್ನೂ ಮರ್ಯಾದೆ, ಓಣಿ, ಮುಖ ತೋರಿಸುವುದು ಹೇಗೆ ಎಂದು ಹೇಳುತ್ತಲೇ ಇದ್ದರು. ನನ್ನ ತಲೆ ಕೆಟ್ಟಿತು.

"ಚಂದ್ರಿ ಶ್ರೀರಾಮನಗರದಾಗ ಇಲ್ಲ ಅತ್ತಿ! ಕುಷ್ಟಗ್ಯಾಗ ಐತಿ. ನಿಮ್ಮ ಹೊಟ್ಟಿ ಕಲ್ಲು ತಗಸಾಕ ಒತ್ತಿ ಇಟ್ಟೀವಿ. ರೊಕ್ಕ ಬರದ ಈತಂದ್ರ ನಮ್ಮ ಕೈ ಬಿಡತೈತಿ. ಈಗ ಇಟ್ಟುಕೋರಿ ನಿಮ್ಮ ಮರ್ಯಾದಿ!"

ಅತ್ತೆ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಎದ್ದು ಹೋಗಿ ಖಾಲಿ ದನದ ಕೊಟ್ಟಿಗೆಯಲ್ಲಿ, ಚಂದ್ರಿಯನ್ನು ಕಟ್ಟುವ ಗೂಟದ ಪಕ್ಕ ಕೂತರು. ಊಟಕ್ಕೆ ಕರೆದರೂ ಬರಲಿಲ್ಲ. ನನಗೆ ನನ್ನ ನಾಲಿಗೆಯನ್ನು ಕತ್ತರಿಸಿಕೊಳ್ಳುವ ಹಾಗಾಯಿತು.

ಸೋಮವಾರ ಶಾಂತಕುಮಾರ ಬಂದ. ಅತ್ತೆ ಮತ್ತೆ ಅದೇ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದರು. ಹಂಪವ್ವ, ಹಾಲೇಶ, ಬಸವಣ್ಣೆಮ್ಮ ಸುತ್ತ ನಿಂತರು. ಅತ್ತೆ ಒಮ್ಮೆ ಎಲ್ಲರನ್ನೂ ನೋಡಿ, ನೆಲ ನೋಡುತ್ತಾ ಹೇಳಿದರು.

"ಸಾಹೇಬ್ರ, ಬರಕೋರಿ. ನನಗ ಆಪರೇಷನ್ ಆಗೈತಿ. ಹೊಟ್ಟಿ ಕೊಯ್ದಾರ."

ಉಸಿರು ಬಿಟ್ಟೆ. ಆದರೆ ಅಷ್ಟರಲ್ಲೇ ಹಂಪವ್ವ ಮುಂದೆ ಬಂದಳು. "ಏನಂತೀಬೇ? ತಲಿಗಿಲಿ ತಿರಗೈತೇನು? ಸಾಹೇಬ್ರ, ಆಕಿಗೆ ಏನೂ ಆಗಿಲ್ಲ. ಹುಲಿಗಿಗೆ ಹೋಗಿದ್ಲು."

"ಹೌದ್ರಿ. ಬಿಸಲು ಜಾಸ್ತಿ ನೋಡ್ರಿ, ಅದಕ್ಕ ಹಿಂಗ ಮಾತಾಡ್ತಾಳ" ಎಂದ ಹಾಲೇಶ.

"ಅಲ್ಲೋ, ನಾನ ಹೇಳಾಕತ್ತೀನಿ, ಆಗೈತಿ!"

"ಇಲ್ಲಬೇ, ಆಗಿಲ್ಲ. ನಿನಗ ಹೆದರಿಸ್ಯಾರೇನು? ನಾವ ಅದೀವಿ, ಹೆದರಬ್ಯಾಡ."

ಶಾಂತಕುಮಾರ ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡು ಹಣೆ ಒತ್ತಿಕೊಂಡ. "ಹಾಲೇಶಣ್ಣಾ, ಬಾಯಿ ಮುಚ್ಚು!" ಎಂದು ನಾನು ಚೀರಿದೆ. ಬಾಯಿ ಮುಚ್ಚುವ ಪೈಕಿಯೇ? ಆಣೆ ಪ್ರಮಾಣಕ್ಕೆ ಇಳಿದ. ತನ್ನ ಗಿರಣಿಯ ಮೇಲೆ ಕೈ ಇಟ್ಟು ಹೇಳುತ್ತೇನೆ ಎಂದ.

ಅತ್ತೆ ತಟ್ಟನೆ ಎದ್ದು ಒಳಗೆ ಹೋದರು. ಕುಂಕುಮ ಮೆತ್ತಿ ಕೆಂಪಾದ ಬಾಟಲಿಯನ್ನು ತಂದು ಕಟ್ಟೆಯ ಮೇಲೆ ಇಟ್ಟರು.

"ಇವು ಹೊಳಿ ಕಲ್ಲಲ್ಲ. ನನ್ನ ಹೊಟ್ಟ್ಯಾಗಿನ ಕಲ್ಲು. ಡಾಕ್ಟರು ತಗದು ಕೊಟ್ಟಾರ. ಇದರ ರೊಕ್ಕ ಬರದಿದ್ರ ಒತ್ತಿ ಇಟ್ಟ ನನ್ನ ಚಂದ್ರಿ ಕೈ ಬಿಡತೈತಿ."

ಶಾಂತಕುಮಾರನ ಕೈ ತಾನಾಗಿ ಹಣೆಗೆ ಹೋಯಿತು, ಮೊನ್ನೆ ಕೈ ಮುಗಿದು ಒತ್ತಿಕೊಂಡ ಜಾಗಕ್ಕೆ. "ಅಯ್ಯೋ" ಎಂದ, ಅಷ್ಟೇ.

ಅತ್ತೆ ಬಸವಣ್ಣೆಮ್ಮನ ಕಡೆ ತಿರುಗಿದರು. "ನೀ ಇವಕ್ಕ ದಿನಾ ಹೂವ ಇಟ್ಟಿ. ನಾ ನೋಡಿಕೋತ ಕುಂತೆ. ಎಷ್ಟ ಬೈತಿ ಬೈ ನನಗ."

"ಗೊತ್ತಿತ್ತು ಬಿಡಬೇ" ಎಂದರು ಬಸವಣ್ಣೆಮ್ಮ.

"ಏನು ಗೊತ್ತಿತ್ತು?"

"ನಮ್ಮ ಅಣ್ಣನ ಮಗಳು ರೇಣುಕಾ ಅದ ದವಾಖಾನ್ಯಾಗ ನರ್ಸ್ ಅದಾಳ. ನಿನ್ನ ಒಳಗ ಒಯ್ಯೋಕಿಂತ ಮೊದಲ ನನಗ ಫೋನ್ ಬಂದಿತ್ತು. ನಾನ ಇವರಿಬ್ಬರಿಗೂ ಹೇಳಿದ್ದೆ, ಯಾರರ ಕೇಳಿದ್ರ ಹುಲಿಗಿ ಅನ್ನಬೇಕು ಅಂತ. ನೀ ಹುಲಿಗಿ ಅಂದಿ, ನಾವೂ ಹುಲಿಗಿ ಅಂದ್ವಿ. ನೀ ಹೊಳಿ ಕಲ್ಲು ಅಂದಿ, ನಾ ಕುಂಕುಮ ಹಚ್ಚಿದೆ."

"ಗೊತ್ತಿದ್ದೂ ಹಚ್ಚಿದಿ?"

"ಮತ್ತ? ಹಂಪವ್ವಗ ಚೀಲದಾಗ ಸಿಕ್ಕಿತ್ತು. ದೇವರಂತ ಮಾಡಿ ಮ್ಯಾಲ ಇಡದಿದ್ರ ಊರೆಲ್ಲ ತೋರಿಸಿಕೋತ ಹೋಗ್ತಿದ್ಲು."

ಹಂಪವ್ವ ಇದನ್ನು ಅಲ್ಲಗಳೆಯಲಿಲ್ಲ.

ಬಸವಣ್ಣೆಮ್ಮ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು: "ನನ್ನ ಹೊಟ್ಟಿ ಕೊಯ್ದಾಗ ನೀ ಓಣಿ ತುಂಬ ಹೇಳಿದಿ. ನಮ್ಮ ಕಟ್ಟಿಗೆ ಬರಾಕ ನನಗ ನಾಚಿಕಿ ಆಗತಿತ್ತು. ಅದು ಹೆಂಗ ಇರತೈತಿ ನನಗ ಗೊತ್ತೈತಿ. ನಿನಗ ಹಂಗ ಆಗೋದು ಬ್ಯಾಡ ಅಂತ ಮಾಡಿದೆ. ನಿನ್ನ ಎಮ್ಮಿಗೆ ಮುಳುವಾಗತೈತಿ ಅಂತ ನಮಗೇನು ಗೊತ್ತು?"

ಅತ್ತೆ ಬಸವಣ್ಣೆಮ್ಮನ ಕೈ ಹಿಡಿದುಕೊಂಡರು. ನಾನು ಮದುವೆಯಾಗಿ ಬಂದ ಮೇಲೆ ಇದೇ ಮೊದಲ ಸಲ. ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ನನಗೂ ಅಳು ಬಂತು, ನಾಚಿಕೆಯಿಲ್ಲದೆ ಜೋರಾಗಿಯೇ ಅತ್ತುಬಿಟ್ಟೆ. ಶಾಂತಕುಮಾರ ಕೆಮ್ಮಿ, "ಹಂಗಾದ್ರ ಆಪರೇಷನ್ ಆಗೈತಿ ಅಂತ ಬರಕೊಳ್ಳಲೇನ್ರಿ?" ಎಂದ. ಮೂವರೂ ಒಟ್ಟಿಗೆ "ಹೌದ್ರಿ" ಎಂದರು. ಹಾಲೇಶನಂತೂ ತಾನೇ ಕಣ್ಣಾರೆ ನೋಡಿದ ಹಾಗೆ ವಿವರಿಸಲು ಶುರು ಮಾಡಿದ. ಅವನನ್ನು ನಿಲ್ಲಿಸಬೇಕಾಯಿತು.

ಮಂಜೂರಾಗುತ್ತದೆ, ಆದರೆ ಹಣ ಖಾತೆಗೆ ಬರಲು ಇನ್ನೂ ಕೆಲವು ವಾರ ಹಿಡಿಯುತ್ತದೆ ಎಂದು ಹೇಳಿ ಶಾಂತಕುಮಾರ ಹೋದ. ಅವನ ಬೈಕು ತಿರುವಿನಲ್ಲಿ ಮರೆಯಾಗುವ ಮೊದಲೇ ರೌಫಭಾಯಿಯ ಫೋನು ಬಂತು.

"ಈತು ತಂಗೀ. ಹೆಣ್ಣ ಕರ. ಏನ್ ಮಾಡೂದು, ಕರಾರು ಕರಾರು."

ಅತ್ತೆ ಕೇಳಿಸಿಕೊಂಡರು. "ಹೆಣ್ಣೇನು?" ಎಂದಷ್ಟೇ ಕೇಳಿ ಒಳಗೆ ಹೋಗಿ ಮಲಗಿದರು. ಅವರ ಮರ್ಯಾದೆಯೂ ಹೋಗಿತ್ತು, ಚಂದ್ರಿಯೂ ಹೋಗಿತ್ತು.

ಮರುದಿನ ಬೆಳಗಿನ ಚಹಾದ ಹೊತ್ತಿಗೆ ಮತ್ತೆ ರೌಫಭಾಯಿ. ಈ ಸಲ ದನಿ ಬೇರೆ ಇತ್ತು.

"ತಂಗೀ, ಈ ಎಮ್ಮಿ ಹತ್ರ ಬರಾಕ ಬಿಡವಲ್ದು. ನಮ್ಮ ಮೆಹಜಬೀನಗ ಒದ್ದೈತಿ, ನನಗ ಒದ್ದೈತಿ, ಹಿಂಡಾಕ ಕರೆಸಿದವನಿಗೂ ಒದ್ದೈತಿ. ಕೆಚ್ಚಲ ಬಿಗದು ಕಲ್ಲಾಗೈತಿ. ನಿಮ್ಮತ್ತಿನ್ನ ಒಂದೀಟು ಕಳಸ್ರೀ, ಪುಣ್ಯಾ ಬರತೈತಿ."

ಅತ್ತೆ ಹಾಸಿಗೆಯಿಂದ ಎದ್ದು ಕೂತರು. ಮುಖದಲ್ಲಿ ಹಳೆಯ ಹನುಮಂತಮ್ಮ ಕಂಡರು. "ಗಾಡಿ ಕಳಸು ಅನ್ನು" ಎಂದರು.

ಕುಷ್ಟಗಿಯಲ್ಲಿ ರೌಫಭಾಯಿಯ ಮನೆ ಮುಂದೆ ಗಾಡಿ ನಿಂತು ಅತ್ತೆ "ಚಂದ್ರೀ" ಎಂದದ್ದೇ ತಡ, ಹಿತ್ತಲಿನಿಂದ ಚಂದ್ರಿ ಒದರಿದ ಸದ್ದಿಗೆ ಪಕ್ಕದ ಮನೆಯವರು ಹೊರಗೆ ಬಂದರು. ಅತ್ತೆ ಹೋಗಿ ಅದರ ಹಣೆಗೆ ಹಣೆ ಹಚ್ಚಿ ನಿಂತರು, ಕರುವಿನ ಬೆನ್ನು ಸವರಿದರು. ರೌಫಭಾಯಿಯ ಹೆಂಡತಿ ಮೆಹಜಬೀನ ಬಕೆಟ್ಟು ತಂದು ಕೊಟ್ಟಳು. ಅತ್ತೆ ಮುಟ್ಟಲಿಲ್ಲ.

"ರೌಫಣ್ಣ, ನಾ ಕೈ ಹಚ್ಚಬೇಕಂದ್ರ ಕರಾರು ಬದಲಾಗಬೇಕು. ರೊಕ್ಕ ಬರೋತನಕ ದಿನಾ ಹಿಂಡತೀನಿ, ಗಿಣ್ಣ ಮುಗದಮ್ಯಾಲ ಹಾಲೆಲ್ಲ ನಿಂದು. ರೊಕ್ಕ ಬಂದ ದಿವಸ ಚಂದ್ರಿ ನಂದು, ಕರನೂ ನಂದು."

"ಹಂಗೆಂಗ ಆಗತೈತಿ? ಕರ ನಮ್ಮನ್ಯಾಗ ಹುಟ್ಟೈತಿ, ಕರ ನಂದು."

"ಹಂಗಾದ್ರ ನೀನ ಹಿಂಡಿಕೋ" ಎಂದು ಅತ್ತೆ ಬಕೆಟ್ಟನ್ನು ಅವರ ಕಾಲ ಬಳಿ ಇಟ್ಟರು.

ರೌಫಭಾಯಿ ಚಂದ್ರಿಯ ಹಿಂಗಾಲು ನೋಡಿದರು, ತಮ್ಮ ಮೊಣಕಾಲು ಸವರಿಕೊಂಡರು. ಮೆಹಜಬೀನ ಗಂಡನಿಗೆ, "ಹ್ಞೂ ಅನ್ರಿ, ಇನ್ನೊಮ್ಮಿ ಒದಿಸಿಕೊಳ್ಳೋ ಶಕ್ತಿ ಐತೇನು?" ಎಂದಳು. ಅವರು ಹ್ಞೂ ಎಂದರು.

ಹೀಗೆ ಅತ್ತೆ ಹಣ ಬರುವವರೆಗೆ ಕುಷ್ಟಗಿಯಲ್ಲೇ ಉಳಿದರು. ಮೊದಲ ದಿನದ ಗಿಣ್ಣದ ಹಾಲನ್ನು ಡಬ್ಬಿಯಲ್ಲಿ ತುಂಬಿ ನನ್ನ ಕೈಗೆ ಕೊಟ್ಟು, "ಬೆಲ್ಲ ಹಾಕಿ ಕಾಸು. ಮೊದಲ ಎದುರುಮನಿಗೆ ಕೊಡು, ಆಮ್ಯಾಲ ನೀವು ತಿನ್ರಿ" ಎಂದರು. ಕ್ಷಮಿಸು ಎಂಬ ಮಾತು ಅವರ ಬಾಯಲ್ಲಿ ಬರುವುದಿಲ್ಲ, ಅದು ನನಗೂ ಗೊತ್ತು, ಬಸವಣ್ಣೆಮ್ಮನಿಗೂ ಗೊತ್ತು. ಬಸವಣ್ಣೆಮ್ಮ ಬಟ್ಟಲು ಖಾಲಿ ಮಾಡಿ, "ಬೆಲ್ಲ ಒಂದೀಟು ಕಡಿಮಿ ಆಗೈತಿ" ಎಂದು, ಡಬ್ಬಿಯನ್ನು ಖಾಲಿ ಕೊಡಬಾರದೆಂದು ನಾಲ್ಕು ಶೇಂಗಾ ಹೋಳಿಗೆ ಹಾಕಿ ಕಳಿಸಿದರು.

ಹಣ ಬಂತು. ಚಂದ್ರಿ ಕರುವಿನ ಸಮೇತ ಮನೆಗೆ ಬಂತು. ಅತ್ತೆ ಈಗ ತಮ್ಮ ಆಪರೇಷನ್ನನ್ನು ಮುಚ್ಚಿಡುವುದಿಲ್ಲ, ಕೇಳದವರಿಗೂ ಹೇಳುತ್ತಾರೆ. ಬಾಟಲಿಯನ್ನು ಬಂದವರಿಗೆಲ್ಲ ತೋರಿಸುತ್ತಾರೆ. ಕಡಲೆಕಾಳಿನಷ್ಟಿದ್ದ ಕಲ್ಲುಗಳು ಅವರ ಬಾಯಲ್ಲಿ ಈಗ ನಿಂಬೆಕಾಯಿಯಷ್ಟಾಗಿವೆ.

ಬೇರೆಯವರ ವಿಷಯ ಮಾತ್ರ ಬೇರೆ. ಕಳೆದ ತಿಂಗಳು ಬಸವಣ್ಣೆಮ್ಮನಿಗೆ ಕಣ್ಣಿನ ಪೊರೆ ತೆಗೆಸಲು ಕೊಪ್ಪಳಕ್ಕೆ ಹೋಗಬೇಕಾಯಿತು. ಮಗನಿಗೆ ಹೆಣ್ಣು ಕೊಡಲು ಬರುವ ಬೀಗರಿಗೆ ತಿಳಿಯುವುದು ಬೇಡ ಎಂದು ಅವರು ಅತ್ತೆಯ ಕಿವಿಯಲ್ಲಿ ಹೇಳಿದ್ದರು. ಅತ್ತೆಯೇ ಅವರ ಚೀಲ ಕಟ್ಟಿದರು, "ಕಾರ್ಡ್ ತಗೊಂಡೀ? ತೋರಸು" ಎಂದು ಕಣ್ಣಾರೆ ನೋಡಿದರು, ಹಣೆಗೆ ದೊಡ್ಡದಾಗಿ ಕುಂಕುಮ ಇಟ್ಟು ಗಾಡಿ ಹತ್ತಿಸಿದರು. ಹೊಟ್ಟೆಯಲ್ಲಿ ಒಂದು ಮಾತು ಒಂದು ಗಳಿಗೆ ನಿಲ್ಲದ ನಮ್ಮ ಅತ್ತೆ ಎರಡು ದಿನ ಬಾಯಿ ಬಿಗಿಹಿಡಿದು ಕೂತಿದ್ದರು.

ಮೂರನೆಯ ದಿನ ಬೈಕಿನ ಸದ್ದಾಯಿತು. ಈಗೀಗ ಕಾರ್ಡು ತೋರಿಸಿದವರ ಮನೆಗೂ ವಿಚಾರಣೆಗೆ ಕಳಿಸುತ್ತಾರಂತೆ. ಶಾಂತಕುಮಾರ ಹೆಲ್ಮೆಟ್ಟು ತೆಗೆದು ಎದುರುಮನೆಯ ಬೀಗ ನೋಡಿ ನಮ್ಮ ಕಟ್ಟೆಗೆ ಬಂದ.

"ಬಸವಣ್ಣೆಮ್ಮ ಎಲ್ಲಿ ಹೋಗ್ಯಾರ್ರಿ ಅಮ್ಮಾ?"

"ಹುಲಿಗಿಗೆ ಹೋಗ್ಯಾಳ" ಎಂದರು ಅತ್ತೆ, ಓಣಿಗೆಲ್ಲ ಕೇಳುವಂತೆ.

ಶಾಂತಕುಮಾರ ಕಟ್ಟೆಯ ಮೇಲೆ ಕೂತು ಟ್ಯಾಬು ತೆರೆದ. ತಲೆ ಎತ್ತದೆ ಕೇಳಿದ: "ಯಾವ ವಾರ್ಡ್ರಿ?"

ಅತ್ತೆ ಆಚೆ ನೋಡಿದರು, ಈಚೆ ನೋಡಿದರು. ಹಂಪವ್ವ ದೂರದಲ್ಲಿದ್ದಳು. ಆದರೂ ಅವನ ಕಿವಿಯ ಹತ್ತಿರ ಸರಿದು ಪಿಸುಗುಟ್ಟಿದರು: "ಕಣ್ಣಿಂದು. ಎಡಗಣ್ಣು. ಬರಕೋರಿ, ಆದ್ರ ಗಟ್ಯಾಗಿ ಓದಬ್ಯಾಡ್ರಿ."